ಏನೂ ಕೇಳದ ಹುಡುಗಿ

ವಿನುತಾಳ ಓದು ಹಾಳಾದದ್ದು ನನ್ನಿಂದ. ಅವಳ ಕಾಲೇಜಿನ ಮೇಷ್ಟ್ರಿಂದ ಅಂತ ಆರ್‌ಪಿಸಿ ಲೇಔಟಿನ ನಮ್ಮ ರಸ್ತೆಯವರು ಇವತ್ತಿಗೂ ಮಾತಾಡಿಕೊಳ್ಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತೇನೆ. ಕೆಡಿಸಿದವಳು ನಾನು, ಅದೂ ಎರಡೇ ಮಾತಿನಲ್ಲಿ.

ಅವಳನ್ನು ನೆನೆದರೆ ಮೊದಲು ಕಾಣುವುದು ಹಲ್ಲಿನ ನಡುವೆ ಅಡ್ಡ ಹಿಡಿದ ಪೆನ್ಸಿಲ್ಲು. ಬಾಯಿಗೆ ಪ್ರಶ್ನೆ ಬಂದಾಗಲೆಲ್ಲ ಅದನ್ನು ಕಚ್ಚಿಕೊಳ್ಳುತ್ತಿದ್ದಳು. ಪೆನ್ಸಿಲ್ಲಿನ ಮೈತುಂಬ ಇಲಿ ಕಡಿದ ಹಾಗೆ ಗುರುತು. ಹಿರಿಯೂರಿನ ಕಡೆಯ ಹುಡುಗಿ, ಮಾರೇನಹಳ್ಳಿಯ ಪಿಜಿಯಲ್ಲಿದ್ದಳು. ಕೆಂಗೇರಿಯ ಆಚೆಗೆ ಕಾಲೇಜು. ನನ್ನದು ಇಸ್ತ್ರಿ ಗಾಡಿ. ಇಪ್ಪತ್ತೆಂಟು ವರ್ಷದಿಂದ ಅದೇ ಹೊಂಗೆ ಮರದ ಕೆಳಗೆ, ಅದೇ ಇದ್ದಿಲ ಪೆಟ್ಟಿಗೆ.

ಮೊದಲ ದಿನ ಬಂದು, "ಡಿಸೈನ್ ಓದ್ತಿದೀನಿ ಅಜ್ಜಿ, ಕೊನೇ ವರ್ಷ. ಇಸ್ತ್ರಿ ಮಾಡೋರಿಗೆ ಮೈಕೈ ನೋವು ಬರದಂಥ ಗಾಡಿ ಮಾಡ್ಬೇಕು" ಅಂದಳು.

"ಗಾಡಿ ಬಡಗಿ ಮಾಡ್ತಾನೆ. ನೀನೇನು ಮಾಡ್ತೀಯ?"

"ಬಡಗಿಗೆ ಏನು ಹೇಳ್ಬೇಕು ಅಂತ ಕಂಡುಹಿಡೀತೀನಿ."

ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇತ್ತು. ಪೆಟ್ಟಿಗೆ ಹದವಾಗಿ ಕಾದಿದೆ ಅಂತ ಹೇಗೆ ಗೊತ್ತಾಗುತ್ತೆ ಅನ್ನುವುದು ಮೊದಲನೆಯದು. ನೀರು ಚಿಮುಕಿಸಿ ನೋಡ್ತೀನಿ ಅಂದೆ. ಬರೆದುಕೊಂಡಳು. ಆಮೇಲೆ ಮೂರು ದಿನ ಮರದ ಬುಡದಲ್ಲಿ ಕೂತು ನನ್ನನ್ನೇ ನೋಡಿದಳು. ನಾಲ್ಕನೇ ದಿನ ನನ್ನೆದುರಿಗೇ ಪಟ್ಟಿ ಹರಿದುಹಾಕಿದಳು.

"ನೀವು ಒಂದು ಸಲಾನೂ ನೀರು ಮುಟ್ಲಿಲ್ಲ ಅಜ್ಜಿ. ಪೆಟ್ಟಿಗೆ ಎತ್ತಿ ಕೆನ್ನೆ ಹತ್ರ ತರ್ತೀರಿ."

"ನಾನಾ? ನನಗೇನು ಹುಚ್ಚಾ?"

ಫೋನಿನಲ್ಲಿ ತೋರಿಸಿದಳು. ನಾನೇ. ಮುತ್ತು ಕೊಡುವವಳ ಹಾಗೆ ಪೆಟ್ಟಿಗೆ ಕೆನ್ನೆಗೆ ತರುತ್ತಿದ್ದೆ.

"ಕೇಳಿದ್ರೆ ಹೇಗೆ ಮಾಡ್ಬೇಕೋ ಅದನ್ನ ಹೇಳ್ತೀರಿ. ಹೇಗೆ ಮಾಡ್ತೀರೋ ಅದನ್ನಲ್ಲ. ಇನ್ಮೇಲೆ ನಾನು ಏನೂ ಕೇಳಲ್ಲ."

ಅವಳ ಪದ್ಧತಿ ಹುಟ್ಟಿದ್ದು ಹೀಗೆ. ಪ್ರಶ್ನೆ ಹುಟ್ಟಿದರೆ ಪುಸ್ತಕದಲ್ಲಿ ಒಂದು ಖಾಲಿ ಚೌಕ ಬರೆಯುವುದು. ಉತ್ತರ ಮೂರು ಸಲ ಕಣ್ಣಿಗೆ ಬಿದ್ದ ಮೇಲೆ ಅದನ್ನು ತುಂಬುವುದು. ಬೀಳದಿದ್ದರೆ ಆ ಕೆಲಸವನ್ನು ತಾನೇ ಮಾಡಿ ನೋಡುವುದು. ಕಾಲೇಜಿನ ಯಾವ ಪುಸ್ತಕದಲ್ಲೂ ಹೀಗಿಲ್ಲವಂತೆ. ಮೇಷ್ಟ್ರು, ತಾವೇ ಗಾಡಿಯ ಹತ್ತಿರ ಬಂದು ಪರೀಕ್ಷೆ ಮಾಡುವ ಷರತ್ತಿನ ಮೇಲೆ ಒಪ್ಪಿದ್ದರು. ಫೇಲಾದರೆ ಇನ್ನೊಂದು ವರ್ಷ ಕೂರಬೇಕು. ಸ್ಕಾಲರ್‌ಶಿಪ್ಪು ನಾಲ್ಕೇ ವರ್ಷದ್ದು. ಅಂದರೆ ಓದು ಅಲ್ಲಿಗೆ ಮುಗಿದ ಹಾಗೆ. ಇದನ್ನೆಲ್ಲ ಅವಳೇ ಹೇಳಿದ್ದಳು.

ತಾನೇ ಮಾಡಿ ನೋಡುವುದರಲ್ಲಿ ಒಂದು ದಿನ ಎದುರುಮನೆ ಮಗುವಿನ ಯೂನಿಫಾರಂ ಸುಟ್ಟಳು. ಜೇಬಿನ ಮೇಲೆ ಪೆಟ್ಟಿಗೆಯ ಮೂತಿಯ ಅಚ್ಚು.

"ಬಟ್ಟೆ ಸುಡೋಕೆ ಕಾಲೇಜಿಗೆ ಬೇರೆ ಹೋಗ್ಬೇಕಾ?" ಅಂದೆ.

ಅವಳು ಸುಟ್ಟ ಅಂಗಿ ತಾನೇ ತೆಗೆದುಕೊಂಡು ಹೋಗಿ ಆ ಮನೆಯವರ ಬೈಗುಳ ತಿಂದು ಬಂದಳು. ಬಂದವಳೇ ಚೌಕ ತುಂಬಿದಳು. "ಪೆಟ್ಟಿಗೆ ಎತ್ತೋವಾಗ ನೀವು ಎಡಗಾಲು ಹಿಂದಕ್ಕಿಟ್ಟು ಸೊಂಟ ತಿರುಗಿಸ್ತೀರಿ ಅಜ್ಜಿ. ನಾನು ತಿರುಗಿಸ್ಲಿಲ್ಲ, ಎತ್ತೋದು ತಡ ಆಯ್ತು. ನಿಮ್ಮ ಗಾಡಿ ನಾಲ್ಕು ಬೆರಳು ಎತ್ತರ ಜಾಸ್ತಿ. ಅದಕ್ಕೇ ನಿಮಗೆ ಹಾಗೆ ತಿರುಗ್ಬೇಕಾಗುತ್ತೆ."

ನನ್ನ ಸೊಂಟನೋವು ಎಲ್ಲಿಂದ ಬರುತ್ತದೆ ಅಂತ ಅದುವರೆಗೆ ಯಾವ ಡಾಕ್ಟರೂ ಹೇಳಿರಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ನಿಂತು ನಮಸ್ಕಾರ ಮಾಡಿದರು. ವಿನುತಾ ಮಾತಾಡುವ ಹಾಗಿಲ್ಲವೆಂದು ದೂರ ನಿಲ್ಲಿಸಿದರು. ಅವಳು ಪೆನ್ಸಿಲ್ಲು ಕಚ್ಚಿಕೊಂಡು ನಿಂತಳು.

"ಅಮ್ಮಾ, ಈ ಹುಡುಗಿ ಇಲ್ಲಿ ಏನು ಮಾಡ್ತಿದ್ಲು?"

ಸುಮ್ಮನೆ ಕೂತಿದ್ದಳು ಅನ್ನಬೇಕಿತ್ತು. ಹಾಗಂದರೆ ಸೋಮಾರಿ ಅಂದುಕೊಂಡಾರು ಅನ್ನಿಸಿತು. ಓದುವ ಮಕ್ಕಳು ಪ್ರಶ್ನೆ ಕೇಳಬೇಕು ಅಂತ ನಾಲ್ಕನೇ ಕ್ಲಾಸಿಗೆ ಬಿಟ್ಟ ನನಗೂ ಗೊತ್ತು. "ದಿನಾ ಬಂದು ಒಂದೊಂದೂ ಕೇಳಿ ಕೇಳಿ ಬರ್ಕೊಳ್ತಿದ್ಲು ಸಾರ್. ಎಲ್ಲಾ ನಾನೇ ಹೇಳ್ಕೊಟ್ಟೆ" ಅಂದೆ. ನಾನೇ ಅನ್ನುವಾಗ ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳೇಕೆ.

"ಪೆಟ್ಟಿಗೆ ಕಾದಿದೆ ಅಂತ ಹೇಗೆ ನೋಡ್ತೀರಿ?"

ದೊಡ್ಡ ಮನುಷ್ಯರ ಮುಂದೆ ಕೆನ್ನೆಗೆ ಹಿಡೀತೀನಿ ಅನ್ನಲು ನಾಚಿಕೆಯಾಯಿತು. "ನೀರು ಚಿಮುಕಿಸಿ ಸಾರ್."

ಅವರು ಅವಳ ಪುಸ್ತಕ ತೆರೆದರು. ಅಲ್ಲಿ ನನ್ನ ಕೆನ್ನೆಯ ಚಿತ್ರವೇ ಇತ್ತು. ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಅವಳನ್ನು ನೋಡಲಿಲ್ಲ.

ಮಾರನೆಯ ಸಂಜೆ ವಿನುತಾ ಬ್ಯಾಗು ಹೊತ್ತು ಬಂದಳು. ಕಟ್ಟುಕಥೆ ಬರೆದಿದ್ದೀಯ ಅಂತ ಮೇಷ್ಟ್ರು ಫೇಲು ಮಾಡಿದರಂತೆ. ಫೋನಿನ ವಿಡಿಯೊ ತೋರಿಸಿದರೆ, ನೀನು ಹೇಳಿ ಮಾಡಿಸಿದ್ದಿರಬಹುದು ಅಂದರಂತೆ. ಅವಳ ಕಣ್ಣು ಒಣಗಿತ್ತು. ಹಿರಿಯೂರಿನ ಬಸ್ಸಿಗೆ ಹೊರಟಿದ್ದಳು.

"ಯಾಕಜ್ಜಿ ಹಾಗಂದ್ರಿ?"

ಪಟ್ಟಿ ಹರಿದ ಮೇಲೆ ಅವಳು ನನ್ನನ್ನು ಕೇಳಿದ ಒಂದೇ ಪ್ರಶ್ನೆ.

"ನಿನ್ನ ಒಳ್ಳೇದಕ್ಕೇ ಕಣೆ."

ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು. "ಗಾಡಿಯ ಕಾಲು ನಾಲ್ಕು ಬೆರಳು ಕುಯ್ಯಿಸ್ಕೊಳ್ಳಿ ಅಜ್ಜಿ" ಅಂದು ಹೋದಳು. ಮತ್ತೆ ಈ ಕಡೆ ಬಂದಿಲ್ಲ. ಫೋನು ಮಾಡಿದರೆ ನಂಬರ್ ಇಲ್ಲ ಅನ್ನುತ್ತದೆ.

ಅವಳು ಹೋದ ಮರುದಿನ ಬೆಳಿಗ್ಗೆ ಇದ್ದಿಲು ಹೊತ್ತಿಸಲಿಲ್ಲ. ಕೆಂಗೇರಿ ಬಸ್ಸು ಹತ್ತಿದೆ. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ತಡೆದ. ಮೇಷ್ಟ್ರ ಕಾರು ಬರುವ ತನಕ ನಿಂತೆ. ಅವರು ಇಳಿದು ಬಂದರು.

"ಸಾರ್, ಮೊನ್ನೆ ನಾನು ಹೇಳಿದ್ದು ಸುಳ್ಳು. ಅವಳು ಬರ್ದಿರೋದೇ ನಿಜ."

"ಅವಳು ಕಳಿಸಿದ್ಲಾ?"

"ಇಲ್ಲ. ಊರಿಗೋದ್ಲು."

"ಮೊನ್ನೆ ಒಂದು ಹೇಳಿದ್ರಿ, ಇವತ್ತೊಂದು. ನಾನು ಯಾವುದನ್ನ ನಂಬ್ಲಿ ಅಮ್ಮಾ?"

"ಏನೂ ಕೇಳ್ಬೇಡಿ ಸಾರ್. ಒಂದು ದಿನ ಬಂದು ಮರದ ಕೆಳಗೆ ಸುಮ್ನೆ ಕೂತ್ಕೊಳ್ಳಿ. ನಿಮಗೇ ಗೊತ್ತಾಗುತ್ತೆ."

ಅವರು ಗಡಿಯಾರ ನೋಡಿಕೊಂಡರು. ನೋಡೋಣ ಅಂದರು. ವಾಚ್‌ಮನ್‌ಗೆ ಹೇಳಿ ನನಗೆ ನೀರು ಕೊಡಿಸಿ ಒಳಗೆ ಹೋದರು.

ವಿಜಯನಗರದಲ್ಲಿ ಇಳಿದು ನಡೆದು ಬಂದು ಗಾಡಿಯ ಟಾರ್ಪಾಲು ತೆಗೆದೆ. ಹನ್ನೊಂದೂವರೆ ದಾಟಿತ್ತು. ಎದುರುಮನೆಯ ಮೇಡಂ ಬಟ್ಟೆಯ ಗಂಟು ಹಿಡಿದು ಕಾಯುತ್ತಿದ್ದರು.

"ಯಾಕಜ್ಜಿ ಇಷ್ಟೊತ್ತು?"

"ಮೈ ಸರಿ ಇರ್ಲಿಲ್ಲ" ಅಂದೆ. ಗಂಟು ಇಸಿದುಕೊಂಡೆ.