ಪೆನ್ಸಿಲ್ ಗೆರೆ ಅಳಿಯುವ ತನಕ

ಮರದ ಪುಡಿ ಬಿಸಿಯಾದಾಗ ಬರುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ದಿಲ್‌ಸುಖ್‌ನಗರದ ನಮ್ಮ ಮೇಲಿನ ಮನೆಯಲ್ಲಿ ಬಡಗಿಗಳು ಮಷೀನು ಹಚ್ಚಿದರೆ ಸಾಕು, ಒಲೆಯ ಮೇಲಿನ ಹಾಲು ಮರೆತು ಮೆಟ್ಟಿಲ ಬಳಿ ನಿಂತುಬಿಡುತ್ತೇನೆ. ಚಿಕ್ಕಂದಿನಲ್ಲಿ ಮಲ್ಕಾಜ್‌ಗಿರಿಯ ನಮ್ಮ ಮನೆಯ ಮುಂದಿನ ಅರ್ಧವೆಲ್ಲ ಅಪ್ಪನ ಬಡಗಿ ಕಾರ್ಖಾನೆಯೇ ಆಗಿತ್ತು. ಮರ ಉಜ್ಜುವ ಮಷೀನಿನ, ಪುಡಿ ತುಂಬಿಕೊಳ್ಳುವ ಚೀಲ ಹರಿದುಹೋದಾಗ ಅವ್ವ, ಅಪ್ಪನ ತಂಗಿ ಸರೋಜಾ ಅತ್ಯಾಳ ಹಳೆಯ ಹೂವಿನ ಲಂಗದಿಂದ ಇನ್ನೊಂದು ಹೊಲಿದುಕೊಟ್ಟಿದ್ದಳು. ಮಷೀನು ಶುರುವಾದರೆ ಆ ಲಂಗ ಉಬ್ಬಿ ಕುಣಿಯುತ್ತಿತ್ತು. ಅತ್ಯಾ ನಾಚಿ ಒಳಗೆ ಓಡುತ್ತಿದ್ದಳು, ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಅತ್ಯಾಳ ಮದುವೆಗೆ ಅಪ್ಪ ತಾನೇ ಕಪಾಟು ಮಾಡಿದ. ಬಾಗಿಲಿಗೆ ಅಂಟಿಸಿದ ವಿನಿಯರ್ ಎಂಬ ತೇಗದ ಹಾಳೆ ಹಪ್ಪಳಕ್ಕಿಂತ ತೆಳು. ಅಂಥ ಚೆಂದದ ಇನ್ನೊಂದು ಹಾಳೆ ಇರಲಿಲ್ಲ, ಮದುವೆಗೆ ನಾಲ್ಕೇ ದಿನ. ಸ್ವಲ್ಪ ಹೆಚ್ಚು ಉಜ್ಜಿದರೂ ಕೆಳಗಿನ ಪ್ಲೈವುಡ್ ಹಲ್ಲು ಕಿಸಿಯುತ್ತದೆ. ಅದಕ್ಕೇ ಮೊದಲು ಮೇಲೆಲ್ಲ ಹಗುರಾಗಿ ಪೆನ್ಸಿಲ್ ಗೆರೆ ಎಳೆಯಬೇಕು. ಗೆರೆ ಅಳಿದ ಕ್ಷಣ ಮಷೀನು ಎತ್ತಬೇಕು. ಗೆರೆ ಎಳೆಯುವುದು ನನ್ನ ಕೆಲಸ. ಅತ್ಯಾ ಬೀದರಿಗೆ ಹೋಗಿಬಿಡುತ್ತಾಳಲ್ಲ ಎಂಬ ಸಂಕಟಕ್ಕೆ ಅವತ್ತು ಗೆರೆಗಳ ನಡುವೆ ಅವಳ ಹೆಸರನ್ನೂ ಬರೆದೆ, ಒತ್ತಿ ಒತ್ತಿ. ಅಪ್ಪ ಉಜ್ಜಿದ. ಗೆರೆಗಳೆಲ್ಲ ಹೋದವು, ಮರದೊಳಕ್ಕೆ ಇಳಿದಿದ್ದ ಹೆಸರು ಹೋಗಲಿಲ್ಲ. ಇನ್ನೊಂದು ಸಲ ಆಡಿಸಿದರೆ ವಿನಿಯರ್ ತೂತಾಗುತ್ತದೆಂದು ಅವನಿಗೆ ಗೊತ್ತಿತ್ತು. ಮಷೀನು ಎತ್ತಿ ನನ್ನ ಕಡೆ ನೋಡಿದ. ನಾನು ಪೆನ್ಸಿಲನ್ನು ಬೆನ್ನ ಹಿಂದೆ ಅಡಗಿಸಿದೆ. ಅಷ್ಟರಲ್ಲಿ ಅತ್ಯಾ ಬಂದು, ಅಂಗೈಯಿಂದ ಹೆಸರನ್ನು ಸವರಿ, "ಇರಲಿ ಬಿಡಣ್ಣಾ. ಹೆಸರಿದ್ರ, ಇದು ಯಾರ ಕಪಾಟು ಅಂತ ಆ ಮನ್ಯಾಗ ಯಾರೂ ಕೇಳೂದಿಲ್ಲ," ಅಂದಳು. ಅಪ್ಪ ನಕ್ಕ ನಗುವಿಗೆ ಅವನ ಹುಬ್ಬಿನ ಮೇಲಿನ ಪುಡಿಯೆಲ್ಲ ಉದುರಿತು. ಹೆಸರಿನ ಮೇಲೇ ಪಾಲಿಶ್ ಹೊಡೆದ.

ಈಗ ಅಪ್ಪನಿಲ್ಲ. ಆ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಲಂಗದ ಚೀಲ ಎಲ್ಲಿ ಹೋಯಿತೋ. ಯಾವುದನ್ನು ನೆನೆದರೂ ಮೊದಲು ನಗು ಬರುತ್ತದೆ, ಆಮೇಲೆ ಅಳು. ಹೋದ ವಾರ ಅತ್ಯಾ ಬೀದರಿನಿಂದ ಫೋನ್ ಮಾಡಿದ್ದಳು. ಕಪಾಟಿಗೆ ಹೊಸ ಪಾಲಿಶ್ ಹೊಡೆಸುತ್ತಿದ್ದಾಳಂತೆ. ಬಡಗಿ ಮಷೀನು ಹಿಡಿದು, ಬಾಗಿಲ ಮೇಲಿನ ಈ ಹೆಸರಿನ ಗೀರನ್ನೂ ತೆಗೆದುಬಿಡಲೇ ಎಂದು ಕೇಳಿದನಂತೆ.

"ನೀ ಏನಂದಿ ಅತ್ಯಾ?"

"ನಮ್ಮಣ್ಣ ಮಷೀನ್ ಎತ್ತಿದ ಜಾಗಾ ಐತಿ ಅದು, ನೀನೂ ಎತ್ತಪಾ ಅಂದೆ."