ತಲೆ ತಗ್ಗಿಸಿ ನಡೆಯುವ ಮೇಲ್ವಿಚಾರಕಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಏಳು ಮಂದಿ ಚಹಾದ ಲೋಟ ಹಿಡಿದು ನಿಂತಿದ್ದಾರೆ. ಎದುರಿಗೆ ನಿಂತ ಗಟ್ಟಿಮುಟ್ಟಾದ ಹೆಂಗಸು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ವಿಚಾರಿಸುತ್ತಾರೆ. ನಿದ್ದೆ ಆಯಿತೇ, ಸೊಂಟ ಹೇಗಿದೆ, ಕಣ್ಣಿಗೆ ಹಾಕಿದ ಔಷಧಿ ಹಿಡಿಯಿತೇ. ಮಗುವಿಗೆ ಹಲ್ಲು ಬರುತ್ತಿದೆ, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ ಎಂದು ಒಬ್ಬ ಯುವಕ ಹೇಳುತ್ತಾನೆ. ಹಾಗಾದರೆ ಇವತ್ತು ಹಳಿಯ ಮೇಲೆ ಬೇಡ, ಶೆಡ್ಡಿನಲ್ಲಿ ಬೋಲ್ಟುಗಳಿಗೆ ಎಣ್ಣೆ ಹಚ್ಚುತ್ತಾ ಕೂರು ಎಂದು ಅವರು ಸಲೀಸಾಗಿ ಹೇಳಿಬಿಡುತ್ತಾರೆ. ಯುವಕನ ಮುಖ ಸಣ್ಣದಾಗುವುದಿಲ್ಲ. ಉಳಿದವರು ನಗುವುದೂ ಇಲ್ಲ.

ಸುತ್ತಿಗೆಯನ್ನು ಹೆಗಲಿಗೇರಿಸಿ ಅವರು ಹಳಿಯ ಗುಂಟ ಹೊರಡುತ್ತಾರೆ. ಕಲ್ಲುಗಣಿಯಿಂದ ಬಂದರಿನವರೆಗಿನ ಈ ಒಂಟಿ ಹಳಿಯಲ್ಲಿ ದಿನವಿಡೀ ಕಲ್ಲು ತುಂಬಿದ ಡಬ್ಬಿಗಳು ಓಡುತ್ತವೆ. ಬೆಳಿಗ್ಗೆ, ಸಂಜೆ ಕೆಲಸಗಾರರನ್ನು ಹೊತ್ತ ಎರಡು ಬೋಗಿಯ ರೈಲೂ ಓಡುತ್ತದೆ. ಹಳಿಯ ಆರೋಗ್ಯವನ್ನೂ, ಅದರ ಮೇಲಿನ ಓಡಾಟವನ್ನೂ ನೋಡಿಕೊಳ್ಳುವ ಮೇಲ್ವಿಚಾರಕರ ಹುದ್ದೆಗೆ ಈ ಕಂಪನಿಯಲ್ಲಿ ಹೆಂಗಸೊಬ್ಬರು ಬಂದಿರುವುದು ಇದೇ ಮೊದಲು. ಅದನ್ನು ಬರೆಯಲೆಂದೇ ನಾನು ಬಂದಿದ್ದೇನೆ. ಕ್ಯಾಮೆರಾ ತೆಗೆದ ಕೂಡಲೇ ಅವರು ಕೈ ಅಡ್ಡ ಹಿಡಿಯುತ್ತಾರೆ.

"ಫೋಟೋ ಆಮೇಲೆ. ನನಗೆ ಈ ಕೆಲಸ ಹೇಗೆ ಸಿಕ್ತು ಅಂತ ಮೊದಲು ಕೇಳಿ. ಅದನ್ನ ಬಿಟ್ಟು ಬರೆಯೋದಾದ್ರೆ ಬರೀಲೇಬೇಡಿ."

ಮಾತಾಡುವಾಗಲೂ ಅವರ ಕಣ್ಣು ಹಳಿಯ ಮೇಲೆಯೇ ಇರುತ್ತದೆ. ಈ ಕೆಲಸದವರೆಲ್ಲ ಹೀಗೆಯೇ ತಲೆ ತಗ್ಗಿಸಿ ನಡೆಯುತ್ತಾರೆ. ಹಳಿಯನ್ನು ಬಿಗಿದಿಡುವ ಕಬ್ಬಿಣದ ಹಿಡಿಕೆ ಎಲ್ಲಿ ಸಡಿಲವಾಗಿದೆ, ಜಲ್ಲಿ ಎಲ್ಲಿ ಕುಸಿದಿದೆ ಎಂದು ಹುಡುಕುವುದೇ ಕಸುಬು. ಆದರೆ ಇವರು ಶೆಡ್ಡಿಗೆ ಮರಳಿ ಕುರ್ಚಿಯಲ್ಲಿ ಕುಳಿತ ಮೇಲೂ ತಲೆ ಎತ್ತುವುದಿಲ್ಲ.

ಜಲ್ಲಿ ಬುಟ್ಟಿ ಹೊರುವ ಕೂಲಿಯಾಗಿ ಇಲ್ಲಿಗೆ ಬಂದಾಗ ಇವರಿಗೆ ಮದುವೆಯೂ ಆಗಿರಲಿಲ್ಲ. ಕರೆತಂದವರು ಸೋದರಮಾವ. ಇಡೀ ತಂಡ ಅವರನ್ನು ಕರೆಯುವುದು ಗಂಟೆ ಮಾವ ಎಂದೇ. ಸುತ್ತಿಗೆಯಿಂದ ಹಳಿಗೆ ಹೊಡೆದು, ಸದ್ದಿನಲ್ಲೇ ಬಿರುಕು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಬುಟ್ಟಿ ಹೊರುತ್ತಿದ್ದ ಸೋದರಸೊಸೆಯ ಕೈಗೆ ಸುತ್ತಿಗೆ ಕೊಟ್ಟು, ಗಟ್ಟಿ ಹಳಿ ಹಾಡುತ್ತದೆ, ಬಿರುಕು ಬಿಟ್ಟದ್ದು ಗೊಣಗುತ್ತದೆ ಎಂದು ಕಲಿಸಿದವರು ಅವರೇ. ಹೆಂಗಸರಿಗೆ ಇದೆಲ್ಲ ಯಾಕೆ ಎಂದು ಹಳಬರು ಮೂಗು ಮುರಿದರೆ, ನಿಮ್ಮ ಹೆಂಡತಿ ಪಾತ್ರೆ ಸದ್ದಲ್ಲೇ ನಿಮ್ಮ ಗ್ರಹಚಾರ ಹೇಳ್ತಾಳಲ್ಲ, ಇದೂ ಅಷ್ಟೇ ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ.

ಹಳಿಗೆ ಹೊಡೆದ ಮೇಲೆ ಮಾವ ಪ್ರತಿ ಸಲವೂ "ಏನಂತು ಮಗಳೇ?" ಎಂದು ಕೇಳುತ್ತಿದ್ದರು. ಮೇಷ್ಟ್ರು ಮಗ್ಗಿ ಒಪ್ಪಿಸಿಕೊಂಡ ಹಾಗೆ ಎಂದು ಇವರು ಭಾವಿಸಿದ್ದರು. ವರ್ಷಗಳು ಕಳೆದವು, ಪರೀಕ್ಷೆ ಮಾತ್ರ ಮುಗಿಯಲಿಲ್ಲ. ಮಾವ ಪರೀಕ್ಷೆ ಮಾಡುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದಾರೆ ಎಂದು ಒಂದು ದಿನ ಹೊಳೆಯಿತು. ಅವರ ಕಿವಿ ಮಂದವಾಗಿತ್ತು.

ಹಳಿಯ ಮೇಲೆ ಕಿವಿ ಎಂದರೆ ಜೀವ. ದೊಡ್ಡ ದುರಸ್ತಿ ಇದ್ದರೆ ನಿಯಂತ್ರಣ ಕೊಠಡಿಗೆ ಫೋನ್ ಮಾಡಿ ರೈಲು ತಡೆಸುತ್ತಾರೆ. ಸಣ್ಣಪುಟ್ಟ ಕೆಲಸಕ್ಕೆ ರೈಲು ನಿಲ್ಲುವುದಿಲ್ಲ. ತಿರುವಿನಲ್ಲಿ ಕಾವಲು ನಿಂತವರು ರೈಲು ಕಂಡ ಕೂಡಲೇ ಸೀಟಿ ಊದುತ್ತಾರೆ. ಕೇಳಿಸಿದ ಮರುಕ್ಷಣ ಎಲ್ಲರೂ ಹಳಿ ಬಿಟ್ಟು ಇಳಿಯಬೇಕು. ಮಾವನಿಗೆ ಸೀಟಿ ಕೇಳದೆ ಹೋದಾಗ ತಂಡ ಯಾರಿಗೂ ಹೇಳದೆ ಒಂದು ಉಪಾಯ ಕಂಡುಕೊಂಡಿತು. ಇಳಿಯುವಾಗ ಯಾರಾದರೊಬ್ಬರು ಆಕಸ್ಮಿಕ ಎಂಬಂತೆ ಅವರ ತೋಳಿಗೆ ತಾಗಿಕೊಂಡು ಹೋಗುತ್ತಿದ್ದರು. ಅವರೂ ಏನೂ ಗೊತ್ತಿಲ್ಲದವರ ಹಾಗೆ ಇಳಿಯುತ್ತಿದ್ದರು.

ಕಳೆದ ವರ್ಷ ಹಳೆಯ ಮೇಲ್ವಿಚಾರಕರು ನಿವೃತ್ತರಾದರು. ಈ ಸಲ ತಂಡದ ಒಳಗಿನವರನ್ನೇ ತೆಗೆದುಕೊಳ್ಳುತ್ತೇವೆ ಎಂದು ಕಂಪನಿ ಸೂಚನಾ ಫಲಕದಲ್ಲಿ ಹಾಕಿತು. ಗಂಟೆ ಮಾವನಿಗೇ ಸಿಗುತ್ತದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನೀನೂ ಅರ್ಜಿ ಹಾಕು, ಸಂದರ್ಶನ ಅಂದ್ರೆ ಏನು ಅಂತ ನೋಡಿಕೊಂಡಿರು, ಮುಂದೆ ನಿನಗೇ ಬೇಕಾಗುತ್ತೆ ಎಂದು ಸೊಸೆಯನ್ನು ಒತ್ತಾಯಿಸಿದವರೂ ಅವರೇ.

ಇಬ್ಬರೂ ಒಟ್ಟಿಗೇ ಹೋದರು. ಮಾವ ಹೊರಗೆ ಬೆಂಚಿನ ಮೇಲೆ ಕುಳಿತರು. ಮೊದಲು ಇವರನ್ನು ಕರೆದರು. ಮೇಜಿನ ಆಚೆ ಎಂಜಿನಿಯರ್, ಅವರ ಪಕ್ಕದಲ್ಲಿ ನೇಮಕಾತಿ ಅಧಿಕಾರಿಣಿ. ಬಿಸಿಲಿಗೆ ಹಳಿ ಹಿಗ್ಗಿದಾಗ ಏನು ಮಾಡುತ್ತೀರಿ, ರೈಲು ತಡೆಸಿ ಕೆಲಸ ಹಿಡಿದಾಗ ಹೊತ್ತು ಮೀರಿದರೆ ಯಾರಿಗೆ ತಿಳಿಸುತ್ತೀರಿ ಎಂದೆಲ್ಲ ಕೇಳಿದರು. ಇವರು ತಡವರಿಸದೆ ಹೇಳಿದರು. ಅಧಿಕಾರಿಣಿ ಮೆಚ್ಚಿ ತಲೆದೂಗಿದರು.

"ಮನೆಯಿಂದ ಹೊರಡುವಾಗ ನನಗೆ ಆಸೆ ಇರಲಿಲ್ಲ. ಆಣೆ ಮಾಡಿ ಹೇಳ್ತೀನಿ. ಆಯಮ್ಮ ತಲೆದೂಗಿದ್ರಲ್ಲ, ಅಲ್ಲಿಂದ ಹತ್ತಿಕೊಳ್ತು."

ಕೊನೆಗೆ ಎಂಜಿನಿಯರ್, ನಿಮ್ಮ ಮಾವನಿಗೆ ನಿಮಗಿಂತ ಅನುಭವ ಜಾಸ್ತಿ, ಅವರನ್ನು ಬಿಟ್ಟು ನಿಮ್ಮನ್ನು ಯಾಕೆ ತಗೋಬೇಕು ಎಂದು ಕೇಳಿದರು. ತಗೋಬೇಡಿ, ಅವರಿಗೇ ಕೊಡಿ ಎಂದು ಹೇಳಿ ಎದ್ದು ಬರಬಹುದಿತ್ತು. ನನ್ನ ಕೆಲಸ ಇದು, ನೀವೇ ತೂಗಿ ನೋಡಿ ಎನ್ನಬಹುದಿತ್ತು. ಇವರು ಹೇಳಿದ್ದು ಒಂದೇ ಮಾತು. "ಅವರಿಗೆ ಕಿವಿ ಕೇಳಲ್ಲ ಸರ್."

ಇದನ್ನು ಹೇಳುವಾಗ ಮೇಲ್ವಿಚಾರಕಿ ಅಂಗೈಗೆ ಮೆತ್ತಿದ ಗ್ರೀಸನ್ನು ಬಟ್ಟೆಯ ಚೂರಿನಿಂದ ಉಜ್ಜುತ್ತಲೇ ಇದ್ದಾರೆ. ಗ್ರೀಸು ಹೋಗಿ ಎಷ್ಟೋ ಹೊತ್ತಾಗಿದೆ.

"ಸುಳ್ಳಲ್ಲ ನೋಡಿ ಅದು. ಹೇಳಲೇಬೇಕಾದ ಮಾತು. ಎಷ್ಟು ವರ್ಷದಿಂದ ನಾಲಿಗೆ ತುದೀಲಿತ್ತು, ಹೇಳಿರಲಿಲ್ಲ. ನನಗೆ ಲಾಭ ಇದೆ ಅಂತ ಗೊತ್ತಾದ ಗಳಿಗೇಲಿ ಹೇಳಿದೆ. ಹೇಳಿದ ಮೇಲೆ ಸಂಕಟ ಆಯ್ತು ಅಂತ ಅಂದುಕೊಳ್ಳಬೇಡಿ. ಖುಷಿ ಆಯ್ತು. ಗೆದ್ದೆ ಅನ್ನಿಸ್ತು. ನನಗೆ ನಾಚಿಕೆ ಇರೋದು ಅದಕ್ಕೆ."

ಹೊರಗೆ ಬಂದಾಗ ಮಾವ ನೀರಿನ ಬಾಟಲಿ ಮುಂದೆ ಹಿಡಿದು, ಹೇಗಾಯಿತು ಎಂದು ಕಣ್ಣಲ್ಲೇ ಕೇಳಿದರು. ಇವರು ನೀರು ಕುಡಿದರು. ಮಾವ ಅಂಗಿಯ ಗುಂಡಿ ಸರಿಮಾಡಿಕೊಂಡು ಒಳಗೆ ಹೋದರು. ಕಿಟಕಿ ಮುಚ್ಚುವ ನೆಪದಲ್ಲಿ ಎಂಜಿನಿಯರ್ ಅವರ ಬೆನ್ನ ಹಿಂದೆ ಹೋಗಿ, ನಿಮ್ಮ ಪೆನ್ನು ಕೆಳಗೆ ಬಿದ್ದಿದೆ ಎಂದರಂತೆ. ಮಾವ ಎದುರಿಗಿದ್ದ ಅಧಿಕಾರಿಣಿಯನ್ನೇ ನೋಡುತ್ತಾ ವಿನಯದಿಂದ ನಗುತ್ತಾ ಕುಳಿತಿದ್ದರಂತೆ. ಎಂಜಿನಿಯರ್ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಆಗಲೂ ಆ ನಗು ಹಾಗೆಯೇ ಇತ್ತು. ಅಧಿಕಾರಿಣಿಯೇ ಮುಂದೆ ಇದನ್ನು ಮೇಲ್ವಿಚಾರಕಿಗೆ ತಿಳಿಸಿದರು. ತಿಳಿಸದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಇವರು.

ಮಾವನನ್ನು ಹಳಿಯಿಂದ ತೆಗೆದು ಸಲಕರಣೆ ಕೋಣೆಗೆ ಹಾಕಿದರು. ಇವರು ಮೇಲ್ವಿಚಾರಕಿಯಾದರು. ಕಿವಿಯ ವಿಷಯ ಕಂಪನಿಗೆ ತಿಳಿಸಿದ್ದು ಯಾರು ಎಂಬ ಪಿಸುಮಾತು ತಂಡದಲ್ಲಿ ಎದ್ದಿತು. ಎಲ್ಲರ ಬೆರಳೂ ತಿರುಗಿದ್ದು ತಿರುವಿನಲ್ಲಿ ಕಾವಲು ನಿಲ್ಲುವ ಬಾವುಟದಣ್ಣನ ಕಡೆಗೆ. ಅದಕ್ಕೆ ಕಾರಣವಿತ್ತು. ಸಂದರ್ಶನಕ್ಕೆ ಕೆಲವೇ ದಿನ ಮುಂಚೆ ಅವರು ಮಾವನ ಎದುರು ನಿಂತು, ನನ್ನ ಸೀಟಿ ನಿಮಗೆ ಕೇಳ್ತಾ ಇಲ್ಲ, ದಯವಿಟ್ಟು ನೀವೇ ಆಫೀಸಿಗೆ ಹೇಳಿಬಿಡಿ ಎಂದಿದ್ದರು. ಮಾವ ಎಲ್ಲರೆದುರು ಅವರನ್ನು ಬೈದು ಕಳಿಸಿದ್ದರು. ಇಡೀ ತಂಡದಲ್ಲಿ ಹೇಳಬೇಕಾದವರಿಗೆ ಮುಖಾಮುಖಿ ಹೇಳಿದವರು ಅವರೊಬ್ಬರೇ. ಈಗ ದ್ರೋಹಿ ಎನ್ನಿಸಿಕೊಂಡವರೂ ಅವರೇ. ಅವರ ಜೊತೆ ಚಹಾ ಕುಡಿಯುವವರಿಲ್ಲ, ಮಾತಾಡಿಸುವವರಿಲ್ಲ. ಮೇಲ್ವಿಚಾರಕಿ ಎಲ್ಲವನ್ನೂ ನೋಡುತ್ತಾ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಬಾವುಟದಣ್ಣ ಸೀಟಿ ಊದಿದರು. ಹಳಿಯ ಮೇಲಿದ್ದ ಇಬ್ಬರು ಬೇಕೆಂದೇ ನಿಧಾನ ಮಾಡಿದರು. ಇವನು ಊದಿದ ಕೂಡಲೇ ನಾವು ಕುಣಿಯಬೇಕೇ ಎಂಬ ಸಿಟ್ಟು. ಅಷ್ಟರಲ್ಲಿ ಕಲ್ಲಿನ ರೈಲು ತಿರುವು ದಾಟಿತ್ತು. ಚಾಲಕ ಹಾರನ್ ಒತ್ತಿಕೊಂಡೇ ಬಂದ. ಇಬ್ಬರೂ ಜಲ್ಲಿಯ ಇಳಿಜಾರಿಗೆ ಉರುಳಿ ಬಿದ್ದರು. ಒಬ್ಬನ ಮೊಣಕೈ ತರಚಿತು, ಜೀವ ಉಳಿಯಿತು.

ರೈಲು ಹೋದ ಮೇಲೆ ಮೇಲ್ವಿಚಾರಕಿ ಅಲ್ಲೇ ಹಳಿಯ ಪಕ್ಕ ಕುಳಿತು ಎಲ್ಲರನ್ನೂ ಕರೆದರು. ತಿರುವಿನಿಂದ ಬಾವುಟದಣ್ಣನನ್ನೂ ಕರೆಸಿದರು. "ಹೇಳಿದ್ದು ಇವರಲ್ಲ. ನಾನು. ಈ ಕೆಲಸಕ್ಕೋಸ್ಕರ ಹೇಳಿದೆ."

ಮೊಣಕೈ ತರಚಿಸಿಕೊಂಡವನು ನೆಲ ನೋಡುತ್ತಾ ನಿಂತ. ಬಾವುಟದಣ್ಣ, ಇನ್ನೊಂದು ರೈಲು ಬರುವ ಹೊತ್ತಾಯಿತು ಎಂದು ಬಾವುಟ ಎತ್ತಿಕೊಂಡು ತಿರುವಿಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಮೇಲ್ವಿಚಾರಕಿ.

ಅದೇ ಸಂಜೆ ಅವರು ಮಾವನ ಮನೆಗೆ ಹೋದರು. ಬಾಗಿಲು ತೆಗೆದವರು ಅತ್ತೆ. ಮಾವ ತುಟಿ ನೋಡಿಯೇ ತಿಳಿದುಕೊಳ್ಳಲೆಂದು ಅವರ ಎದುರು ದೀಪದ ಬೆಳಕಿಗೆ ಮುಖ ಮಾಡಿ ಕುಳಿತು ಎಲ್ಲವನ್ನೂ ಹೇಳಿದರು. ತನಗಾದ ಖುಷಿಯನ್ನೂ ಬಿಡಲಿಲ್ಲ. ಮೊದಲು ಮಾತಾಡಿದ್ದು ಅತ್ತೆ. ನಿನ್ನ ಮಾವನಿಗೆ ಹಳಿ ಕೆಲಸ ತಪ್ಪಿದ ದಿನ ನಾನು ಒಳಗೊಳಗೇ ನಿಟ್ಟುಸಿರು ಬಿಟ್ಟೆ, ಗಂಡನ ಸೋಲಿಗೆ ನೆಮ್ಮದಿಪಟ್ಟವಳು ನಾನು ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರಂತೆ.

ಮಾವ ಅಂದು ಏನಂದರು ಎಂಬುದನ್ನು ಮೇಲ್ವಿಚಾರಕಿ ಹೇಳಲಿಲ್ಲ. ಅವರನ್ನೇ ಕೇಳಿ ಎಂದರು. ಸಲಕರಣೆ ಕೋಣೆಯಲ್ಲಿ ಹಾರೆ, ಸುತ್ತಿಗೆಗಳ ನಡುವೆ ಗಂಟೆ ಮಾವ ಹೊಸ ಹಿಡಿ ಕೆತ್ತುತ್ತಿದ್ದಾರೆ. ನಾನು ಎದುರು ಕುಳಿತು ನಿಧಾನವಾಗಿ ಕೇಳುತ್ತೇನೆ.

"ನನ್ನ ಹತ್ರ ಮೊದಲು ಹೇಳಬೇಕಿತ್ತು ಅಂದೆ. ಅಷ್ಟೇ ಅಂದಿದ್ದು. ಇನ್ನೇನು ಅನ್ನಲಿ? ಒಬ್ಬ ಬಂದು ಮುಖದ ಮೇಲೇ ಹೇಳಿದ್ದ, ಅವನನ್ನ ಬೈದು ಕಳಿಸಿದ್ದೆ. ಇವಳು ಬಂದು ಹೇಳಿದ್ರೂ ಬೈತಿದ್ದೆ. ಕಿವಿ ಕೇಳದೇ ಇರೋದು ಅವಮಾನ ಅಂದುಕೊಂಡಿದ್ದೆ. ಅದನ್ನ ಮುಚ್ಚಿಟ್ಟುಕೊಂಡು ಏಳು ಜನರ ಜೀವ ನೋಡಿಕೊಳ್ಳೋ ಕೆಲಸ ಕೇಳೋಕೆ ಹೋದೆನಲ್ಲ, ಅದು ಅವಮಾನ."

ಬಾವುಟದಣ್ಣನನ್ನು ಕರೆದು ಕ್ಷಮೆ ಕೇಳಿದ್ದಾರಂತೆ. ಸೊಸೆಯನ್ನು ಕ್ಷಮಿಸಿದ್ದೀರಾ ಎಂದು ಕೇಳಿದರೆ ಹಿಡಿಯ ಸಿಬಿರು ಸವರುತ್ತಾ, ಅವಳ ಕೆಲಸ ಚೆನ್ನಾಗಿದೆ ಎನ್ನುತ್ತಾರೆ. ಶೆಡ್ಡಿನಲ್ಲಿ ಅವರೀಗ ಇವರನ್ನು ಮೇಡಂ ಎಂದು ಕರೆಯುತ್ತಾರೆ. ಆ ಮಾತಿನಲ್ಲಿ ಚುಚ್ಚುವ ಉದ್ದೇಶ ಕಾಣುವುದಿಲ್ಲ. ಆದರೂ ಅದು ಕಿವಿಗೆ ಬಿದ್ದಾಗಲೆಲ್ಲ ಮೇಲ್ವಿಚಾರಕಿಯ ಕುತ್ತಿಗೆ ಇನ್ನಷ್ಟು ಬಾಗುತ್ತದೆ.

ರಾಜೀನಾಮೆ ಕೊಡಲು ಅವರು ಹೋಗಿದ್ದೂ ಉಂಟು. ನೀವು ಬಿಟ್ಟರೆ ಅವರ ಕಿವಿ ಸರಿಹೋಗುತ್ತದೆಯೇ ಎಂದು ಅಧಿಕಾರಿಣಿ ಕೇಳಿದಾಗ ವಾಪಸು ಬಂದರು. ಆದರೆ ಬರಿಗೈಯಲ್ಲಿ ಬರಲಿಲ್ಲ. ತಮ್ಮ ಕೊರತೆಯನ್ನು ತಾವೇ ಬಂದು ಹೇಳಿಕೊಂಡವರ ಕೆಲಸ ಹೋಗಬಾರದು, ದರ್ಜೆ ಇಳಿಯಬಾರದು, ಬೇರೆ ಕೆಲಸ ಕೊಡಬೇಕು ಎಂದು ಪಟ್ಟು ಹಿಡಿದು ಒಪ್ಪಿಸಿಕೊಂಡು ಬಂದರು. ತಂಡದವರು ನಂಬಲು ತಿಂಗಳುಗಳೇ ಹಿಡಿದವು. ಮೊದಲು ಬಾಯಿ ಬಿಟ್ಟವರು ಎಲ್ಲರಿಗಿಂತ ಹಿರಿಯ ಕೆಲಸಗಾರರು. ಸಂಜೆಯ ಮಬ್ಬಿನಲ್ಲಿ ಕಣ್ಣು ಕಾಣಿಸುತ್ತಿಲ್ಲ ಎಂದರು. ಅವರಿಗೀಗ ಬೆಳಗಿನ ಕೆಲಸ ಮಾತ್ರ.

ಮುಂದಿನ ವಾರ ಇಲ್ಲಿ ಮತ್ತೊಂದು ಸಂದರ್ಶನವಿದೆ. ರೈಲುಗಳು ಹೆಚ್ಚಿದ್ದರಿಂದ ಮಧ್ಯಾಹ್ನದ ಪಾಳಿಗೆ ಇನ್ನೊಬ್ಬ ಮೇಲ್ವಿಚಾರಕರು ಬೇಕಾಗಿದ್ದಾರೆ. ಈ ಸಲ ಇವರನ್ನು ಮೇಜಿನ ಆಚೆ ಕೂರಲು ಕರೆದಿದ್ದಾರೆ. ಅರ್ಜಿ ಹಾಕಿದವರಲ್ಲಿ ಬಾವುಟದಣ್ಣನೂ ಒಬ್ಬರು. ಅವರಿಗೆ ನಾನು ಮಾಡಿದ್ದನ್ನು ಮೊದಲು ತಿಳಿದುಕೊಳ್ಳಿ, ಆಮೇಲೂ ಬೇಕಿದ್ದರೆ ಕೂರಿಸಿ ಎಂದು ಮೇಲ್ವಿಚಾರಕಿ ಎಂಜಿನಿಯರ್‌ಗೆ ಎಲ್ಲವನ್ನೂ ಹೇಳಿದ್ದಾರೆ. ತಿರುವಿನಲ್ಲಿ ಭೇಟಿಯಾದ ಬಾವುಟದಣ್ಣನನ್ನು ಈ ಬಗ್ಗೆ ಕೇಳಿದೆ. ಅಕ್ಕನ ಬಗ್ಗೆ ಯಾರು ಕೇಳಿದರೂ ಒಳ್ಳೆಯದನ್ನೇ ಹೇಳುತ್ತೇನೆ, ಕೆಟ್ಟದ್ದನ್ನೆಲ್ಲ ಅವರೇ ಹೇಳಿಕೊಂಡು ತಿರುಗುತ್ತಿದ್ದಾರೆ, ನನಗೇನೂ ಉಳಿಸಿಲ್ಲ ಎಂದು ನಕ್ಕರು.

ಮೇಜಿನ ಆಚೆ ಕುಳಿತು ಏನು ಕೇಳುತ್ತೀರಿ ಎಂದು ಮೇಲ್ವಿಚಾರಕಿಯನ್ನು ವಿಚಾರಿಸುತ್ತೇನೆ. ಹಳಿಯ ಬಗ್ಗೆ ಕೇಳುತ್ತೇನೆ, ರೈಲಿನ ಬಗ್ಗೆ ಕೇಳುತ್ತೇನೆ, ಹೊರಗೆ ಬೆಂಚಿನ ಮೇಲೆ ಕುಳಿತವರ ಬಗ್ಗೆ ಮಾತ್ರ ಯಾರನ್ನೂ ಕೇಳುವುದಿಲ್ಲ, ಕೇಳಲು ಬಿಡುವುದೂ ಇಲ್ಲ ಎನ್ನುತ್ತಾರೆ. ದೂರದಲ್ಲಿ ಸೀಟಿ ಕೇಳಿಸುತ್ತದೆ. ತಂಡದವರು ಒಬ್ಬರ ಹಿಂದೊಬ್ಬರು ಹಳಿ ಬಿಟ್ಟು ಇಳಿಯುತ್ತಾರೆ. ಎಲ್ಲರೂ ಇಳಿದರೇ ಎಂದು ನೋಡಿಕೊಂಡು ಇವರು ಕೊನೆಯಲ್ಲಿ ಇಳಿಯುತ್ತಾರೆ. ರೈಲು ಸದ್ದು ಮಾಡಿಕೊಂಡು ಹಾದುಹೋಗುವವರೆಗೂ ಕಾದು ಮಾತು ಮುಗಿಸುತ್ತಾರೆ.

"ಕೆಲಸ ಒಬ್ಬರಿಗೇ ಸಿಗೋದು. ಉಳಿದವರು ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಖ ನೋಡೋ ಹಾಗೆ ಇರಬೇಕು. ಸಿಕ್ಕಿದವರೂ ಅಷ್ಟೇ. ಅಷ್ಟು ಮಾಡಿಕೊಟ್ಟರೆ ಸಾಕು ನನಗೆ."