ಒಂದು ಮನೆ ಮುಂದೆ ಜಾರಿದ ಬೆರಳು

ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂರುವ ಮನುಷ್ಯನನ್ನು ಬೀದಿಯವರೆಲ್ಲ ತಂತಿ ಎಂದೇ ಕರೆಯುತ್ತಿದ್ದರು. ಹೊಸಬರು ಅದು ಅವನ ಮೈಕಟ್ಟು ನೋಡಿ ಇಟ್ಟ ಹೆಸರು ಅಂದುಕೊಳ್ಳುತ್ತಿದ್ದರು. ಅವನೂ ತಿದ್ದಲು ಹೋಗುತ್ತಿರಲಿಲ್ಲ. ಗಿಟಾರಿನ ದೆಸೆಯಿಂದ ಬಂದ ಹೆಸರು ಅಂತ ಬಾಯಿಬಿಟ್ಟರೆ, ಯಾವ ಬ್ಯಾಂಡು, ಯಾಕೆ ಬಿಟ್ಟಿರಿ ಅಂತ ಶುರುವಾಗುತ್ತದೆ. ಅದಕ್ಕಿಂತ ಸಣಕಲ ಅನ್ನಿಸಿಕೊಳ್ಳುವುದೇ ವಾಸಿ.

ಕೆಲಸದಲ್ಲಿ ಅವನದು ಒಂದೇ ಪಟ್ಟು. ಗಾಜಿನ ನಡುಬಿಂದು ಕಣ್ಣಿನ ಪಾಪೆಯ ಎದುರಿಗೇ ಬರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆನೋವು. ಯಾಕೆಂದು ಅವರಿಗೆ ತಿಳಿಯುವುದೂ ಇಲ್ಲ. ಹಾಗಾಗಿ ಅಳೆದದ್ದನ್ನೇ ಮತ್ತೆ ಅಳೆಯುತ್ತಿದ್ದ. "ಗೋಡೆಗೊಂದು ಮೊಳೆ ಹೊಡೀರಿ ಅಂದ್ರೆ ಗೋಡೆಯ ಜಾತಕಾನೇ ಬರೀತೀರಲ್ಲ," ಎಂದು ಹೆಂಡತಿ ರೇಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಗೆ ಬಂದವನು ಆ ಹೆಂಡತಿಯ ಅಣ್ಣ. ತಂತಿ ಹಿಂದೆ ಗಿಟಾರು ನುಡಿಸುತ್ತಿದ್ದ ರಾಕ್ ಬ್ಯಾಂಡಿನ ಹಾಡುಗಾರ. ಕೂದಲಿಗೆ ಬಣ್ಣ ಹಚ್ಚುವ ವಯಸ್ಸು ಬಂದಿದ್ದರೂ ಚರ್ಮದ ಜಾಕೆಟ್ಟು ಮಾತ್ರ ಮೈಬಿಟ್ಟಿರಲಿಲ್ಲ.

"ಏನೋ ತಂತಿ, ಬದುಕಿದೀಯಾ?"

"ಬನ್ನಿ ಭಾವ. ಕಣ್ಣು ಕೈ ಕೊಡ್ತಾ?"

"ಕಣ್ಣಿಗೇನಾಗಿಲ್ಲ ಕಣೋ. ಅಕ್ಷರಗಳೇ ಚಿಕ್ಕದಾಗ್ತಿವೆ. ಸ್ಟೇಜ್ ಮೇಲೆ ಕಾಲ ಹತ್ರ ಹಾಡಿನ ಸಾಲು ಅಂಟಿಸ್ಕೋತೀನಲ್ಲ, ಅವು. ಕನ್ನಡಕ ಅಂತ ಗೊತ್ತಾಗದ ಹಾಗೆ ಒಂದು ಕನ್ನಡಕ ಮಾಡ್ಕೊಡು."

"ಮೂಗಿನ ಮೇಲೆ ಕೂತಿದ್ದು ಮತ್ತಿನ್ನೇನು ಅಂತ ಜನ ಅನ್ಕೋಬೇಕು ಭಾವ? ಬಣ್ಣದ ಗಾಜು ಹಾಕ್ತೀನಿ ಬಿಡಿ, ಸ್ಟೈಲು ಅಂದ್ಕೋತಾರೆ."

ಭಾವ ದೊಡ್ಡದಾಗಿ ನಕ್ಕ. ಪರೀಕ್ಷೆಯ ಕುರ್ಚಿಯಲ್ಲಿ ಗಲ್ಲ ಊರಿ ಕೂತವನು ಹಾಗೇ ಅಂದ: "ಬ್ಯಾಂಡಿನ ದೊಡ್ಡ ಪ್ರೋಗ್ರಾಂ ಇದೆ. ಒಂದೇ ಒಂದು ಹಾಡಿಗೆ ನೀನು ಬಂದು ನಿಲ್ಲಬೇಕು. ಅದೇ ಹಾಡಿಗೆ. ಜನ ಕೇಳ್ತಿದಾರೆ."

ಯಾವ ಹಾಡು ಅಂತ ತಂತಿ ಕೇಳಲಿಲ್ಲ. ಬ್ಯಾಂಡಿನ ಮೊದಲ ಹಾಡು ಅದು. ನಡುವೆ ಗಿಟಾರು ಒಂಟಿಯಾಗಿ ಮೇಲೇರುವ ಒಂದು ತುಣುಕಿತ್ತು. ಗಿಟಾರಿನ ಕತ್ತಿನ ಮೇಲೆ ಎರಡು ಲೋಹದ ಪಟ್ಟಿಗಳ ನಡುವಿನ ಜಾಗಕ್ಕೆ ಅವರೆಲ್ಲ ಮನೆ ಅನ್ನುತ್ತಿದ್ದರು. ರೆಕಾರ್ಡಿಂಗಿನ ದಿನ ಕೊನೆಯ ಸ್ವರಕ್ಕೆ ತಂತಿಯ ಬೆರಳು ನಿಲ್ಲಬೇಕಾದ ಮನೆ ದಾಟಿ ಮುಂದಿನದಕ್ಕೆ ಜಾರಿತು. ಹೆದರಿ, ಬೆರಳನ್ನು ಎತ್ತದೆ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಆ ಎಳೆತವೆಲ್ಲ ಮೈಕಿಗೆ ಬಿತ್ತು. ಭಾವ ಎಲ್ಲರೆದುರಿಗೆ ಹೆಡ್‌ಫೋನು ಕಿತ್ತೆಸೆದು, "ಸೌದೆ ಒಡೆಯೋ ಕೈಗೆ ಗಿಟಾರ್ ಕೊಟ್ಟಿದ್ದು ನಂದೇ ತಪ್ಪು. ನಾಳೆಯಿಂದ ಬರಬೇಡ," ಅಂದ. ತಂತಿಗೆ ಆಗ ಮದುವೆಯಾದ ಹೊಸತು.

ಸ್ಟುಡಿಯೋ ಬಾಡಿಗೆಯ ಹೊತ್ತು ಮುಗಿದಿದ್ದರಿಂದ ಹಾಡು ಹಾಗೇ ಹೊರಬಿತ್ತು. ಜನ ಹುಚ್ಚೆದ್ದು ಕೇಳಿದ್ದು ಆ ಜಾರಿದ ಸ್ವರವನ್ನೇ. ಯಾರೋ ಅದಕ್ಕೆ 'ಅಳು' ಅಂತ ಹೆಸರಿಟ್ಟರು. ಆಮೇಲೆ ಬಂದ ಗಿಟಾರಿನವರೆಲ್ಲ ಆ ಅಳುವನ್ನು ಅಚ್ಚುಕಟ್ಟಾಗಿ ಕಲಿತೇ ಸ್ಟೇಜು ಹತ್ತಬೇಕಾಯಿತು. ಭಾವ ಟೀವಿಯಲ್ಲಿ ಕೂತು, "ಅಲ್ಲೊಂದು ಅಳು ಬೇಕು ಅಂತ ನಾನೇ ಹೇಳಿ ಹಾಕಿಸಿದ್ದು," ಅಂದದ್ದನ್ನು ತಂತಿ ಈ ಅಂಗಡಿಯಲ್ಲೇ, ಗಿರಾಕಿಯೊಬ್ಬರ ಕನ್ನಡಕ ಒರೆಸುತ್ತ ಕೇಳಿಸಿಕೊಂಡಿದ್ದ.

ಸ್ಟೇಜು ಹತ್ತುವ ಆಸೆಯೇ ಇರಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಿದ್ದದ್ದು ಒಂದು ಮಾತು.

"ಬರ್ತೀನಿ ಭಾವ. ಅಳು ನನ್ನ ಕೈತಪ್ಪಿನಿಂದ ಬಂದಿದ್ದು, ಅದಕ್ಕೇ ನನ್ನನ್ನ ಹೊರಗೆ ಹಾಕಿದ್ದು. ಇಷ್ಟು ಸ್ಟೇಜ್ ಮೇಲೆ ಹೇಳಿ."

"ಅಷ್ಟೇ ತಾನೇ? ಹೇಳ್ತೀನಿ ಬಿಡಪ್ಪಾ. ನಗುನಗ್ತಾ ಹೇಳ್ತೀನಿ. ಜನಕ್ಕೂ ಖುಷಿಯಾಗತ್ತೆ."

ಸುದ್ದಿ ಕೇಳಿ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದವಳು ಹಾಗೇ ಕೂತುಬಿಟ್ಟಳು. ಅಣ್ಣನ ಮನೆಗೆ ಒಬ್ಬಳೇ ಹೋಗಿ, ಗಂಡನಿಗೆ ಹುಷಾರಿಲ್ಲ ಅಂತ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. "ನಿಮಗೆ ಬಂದಷ್ಟು ಜ್ವರ ಜಗತ್ತಲ್ಲಿ ಯಾರಿಗೂ ಬಂದಿಲ್ಲ ರೀ," ಅಂದಳು. ಕಣ್ಣು ಒರೆಸಿಕೊಂಡಳು. "ಅಣ್ಣ ಹೇಳ್ತಾನೆ. ಒರಟ, ಆದ್ರೆ ಕೊಟ್ಟ ಮಾತು ತಪ್ಪೋನಲ್ಲ."

ತಂತಿ ಅಭ್ಯಾಸಕ್ಕೆ ಕೂತ. ಬೆರಳುಗಳು ಮೊಂಡಾಗಿದ್ದರೂ ದಿನೇ ದಿನೇ ದಾರಿಗೆ ಬಂದವು. ಬಾರದೆ ಹೋದದ್ದು ಆ ಅಳು ಒಂದೇ. ಬೇಕೆಂದು ಜಾರಿಸಿದರೆ ಅದು ಜಾರಿದಂತೆ ಕೇಳುತ್ತಿರಲಿಲ್ಲ. ನೆಂಟರೆದುರು ಅಳುವವರ ಅಳುವಿನಂತೆ ಕೇಳುತ್ತಿತ್ತು. ಅಂದು ಬೆರಳನ್ನು ಹಿಂದಕ್ಕೆಳೆದದ್ದು ಹೆದರಿಕೆ. ಆ ಹೆದರಿಕೆಯನ್ನು ಈಗ ಎಲ್ಲಿಂದ ತರುವುದು?

ರಿಹರ್ಸಲ್ ಕೋಣೆಯಲ್ಲಿ ಇನ್ನೊಂದು ತೊಡಕಾಯಿತು. ಭಾವನ ಗಂಟಲು ಈಗ ಮೇಲೆ ಏರುವುದಿಲ್ಲವೆಂದು ಇಡೀ ಬ್ಯಾಂಡು ಶ್ರುತಿ ಇಳಿಸಿಕೊಂಡಿತ್ತು. ಬಿಗಿ ಸಡಿಲಾದ ಗಿಟಾರಿನ ಮೇಲೆ ಬೆರಳಿಗೆ ಹಿಡಿತ ಸಿಗದೆ ಅಳು ಇನ್ನಷ್ಟು ಕೆಟ್ಟಿತು. ಭಾವ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ.

"ಅಲ್ಲ ಕಣೋ, ಅಳು ಹಾಗಲ್ಲ. ಇವಳು ತೋರಿಸ್ತಾಳೆ, ನೋಡ್ಕೋ."

ಇವಳು ಅಂದರೆ ಬ್ಯಾಂಡಿನ ಈಗಿನ ಗಿಟಾರಿನವಳು. ತಲೆಯಲ್ಲಿ ಒಂದೆರಡು ನರೆಗೂದಲು ಕಾಣಿಸಿಕೊಂಡ, ಮಾತು ಕಡಿಮೆಯ ಹೆಂಗಸು. ಅವಳು ಮುಜುಗರದಿಂದಲೇ ನುಡಿಸಿದಳು. ಬೆರಳು ಒಂದು ಮನೆ ಮುಂದೆ ಹೋಯಿತು, ತಡೆಯಿತು, ಮೆಲ್ಲಗೆ ಹಿಂದೆ ಬಂತು. ತಂತಿ ತನ್ನ ತಪ್ಪನ್ನು ಪರರ ಕೈಯಲ್ಲಿ ಪಾಠದಂತೆ ನೋಡಿದ. ಲೋಪವಿಲ್ಲದ ತಪ್ಪು. ಡ್ರಮ್ಮಿನ ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಸರ್, ಇವರು ನಿಮಗೆ ಇದನ್ನ ಹೇಳಿಕೊಟ್ಟಾಗ ನಿಮಗೂ ಕಷ್ಟ ಆಗಿತ್ತಾ?" ಎಂದು ಅವಳು ಸಮಾಧಾನ ಹೇಳುವಂತೆ ಕೇಳಿದಳು.

ತಂತಿ ಭಾವನ ಕಡೆ ನೋಡಿದ. ಭಾವ ಮೈಕಿನ ವೈರು ಬಿಡಿಸುವುದರಲ್ಲಿ ಮುಳುಗಿದ್ದ.

"ಭಾವ, ಇಲ್ಲಿರೋರಿಗಾದರೂ ಈಗ ಹೇಳಬಹುದಲ್ಲ."

"ಸ್ಟೇಜ್ ಮೇಲೆ ಅಂದ್ಯಲ್ಲಪ್ಪಾ. ಇಲ್ಲೇ ಹೇಳಿಬಿಟ್ರೆ ಅಲ್ಲಿ ಏನು ಉಳಿಯತ್ತೆ?" ಅಂದು ಭಾವ ಗಡಿಬಿಡಿಯಲ್ಲಿ ಮುಂದಿನ ಹಾಡು ಎತ್ತಿಕೊಂಡ.

ಮನೆಗೆ ಬಂದ ತಂತಿ, ಹೋಗುವುದಿಲ್ಲ ಅಂದ. ಹೆಂಡತಿ ಜಗಳವಾಡಲಿಲ್ಲ. "ಹೋಗದೆ ಇದ್ರೆ, ಅವನು ಹೇಳ್ತಿದ್ನೋ ಇಲ್ವೋ ಅಂತ ಸಾಯೋವರೆಗೂ ಅಳೀತಾ ಕೂರ್ತೀರಿ," ಎಂದಷ್ಟೇ ಅಂದು, ಅವನ ಅಂಗಿಗೆ ಇಸ್ತ್ರಿ ಹಾಕಿಟ್ಟಳು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿ ತುಳುಕುತ್ತಿತ್ತು. ಹೆಂಡತಿ ಮೊದಲ ಸಾಲಿನಲ್ಲಿದ್ದಳು. ಆ ಹಾಡಿನ ಸರದಿ ಬಂದಾಗ ಭಾವ ಬಣ್ಣದ ಕನ್ನಡಕ ಸರಿಮಾಡಿಕೊಂಡು ತಂತಿಯ ಹೆಗಲಿಗೆ ಕೈಹಾಕಿ ಮುಂದಕ್ಕೆ ತಂದ.

"ಇವನು ನನ್ನ ತಂಗಿ ಗಂಡ! ಗಿಟಾರ್ ಹಿಡಿಯೋಕೂ ಬರದಿದ್ದ ಕಾಲಕ್ಕೆ ನಾನೇ ಕೈ ಹಿಡಿದು ಕಲಿಸಿದವನು. ನಿಮ್ಮೆಲ್ಲರ ಆ ಅಳು ಇದೆಯಲ್ಲ, ನಾನು ಹೇಳಿಕೊಟ್ಟಿದ್ದನ್ನ ಮೊಟ್ಟಮೊದಲು ನುಡಿಸಿದ್ದು ಈ ಬೆರಳು!"

ಅವನು ತಂತಿಯ ಕೈಯನ್ನು ಮೇಲೆತ್ತಿ ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ಹೆಂಡತಿಯ ಕೈಗಳು ತೊಡೆಯ ಮೇಲೇ ಇದ್ದವು.

ಹಾಡು ಶುರುವಾಯಿತು. ಗಿಟಾರಿನ ತುಣುಕು ಬಂದಾಗ ಉಳಿದ ವಾದ್ಯಗಳು ಸುಮ್ಮನಾದವು. ತಂತಿ ಒಂದೊಂದೇ ಮನೆ ಏರಿದ. ಕೊನೆಯ ಸ್ವರಕ್ಕೆ ಅವನ ಬೆರಳು ಹೋಗಬೇಕಾದ ಮನೆಗೇ ಹೋಗಿ, ನಡುಮಧ್ಯೆ, ಅಲುಗದೆ ನಿಂತಿತು. ಹಾಡು ಕಟ್ಟಿದಾಗ ಯೋಚಿಸಿದ್ದು ಹಾಗೆಯೇ. ಇಷ್ಟು ವರ್ಷಗಳಲ್ಲಿ ಅದು ಹಾಗೆ ಸರಿಯಾಗಿ ಕೇಳಿದ್ದು ಅದೇ ಮೊದಲು.

ಎಲ್ಲೋ ಹಿಂದಿನಿಂದ "ಅಯ್ಯೋ ಪಾಪ, ತಪ್ಪಿಬಿಟ್ರು" ಅಂತೊಂದು ದನಿ. ಮರುಕ್ಷಣ ಜನ ತಾವೇ ಬಾಯಲ್ಲಿ ಅಳುವನ್ನು ಎಳೆದು ಹಾಡಿ, ಅವನಿಗೆ ಒತ್ತಾಸೆ ಕೊಟ್ಟೆವೆಂಬ ಸಂತೋಷದಲ್ಲಿ ಶಿಳ್ಳೆ ಹಾಕಿದರು. ಭಾವ ಕೈ ಬೀಸಿ ಬೀಸಿ ಅವರನ್ನು ಹುರಿದುಂಬಿಸಿದ.

ಪರದೆಯ ಹಿಂದೆ ಗಿಟಾರಿನವಳು ಅವನ ಪಕ್ಕಕ್ಕೆ ಬಂದಳು.

"ಸರ್, ನೀವು ತಪ್ಪಲಿಲ್ಲ ಅಲ್ವಾ? ಅದೇ ಸರಿಯಾದದ್ದು. ಅಳು ಇದೆಯಲ್ಲ, ಅದು ಕೈ ಜಾರಿದ್ದು."

"ಹೌದಮ್ಮ."

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿದ್ದಂತೆ ಕಾಣಲಿಲ್ಲ. "ಆದ್ರೆ ಸರ್... ಜಾರಿದ್ದೇ ಚೆನ್ನಾಗಿತ್ತು."

"ಗೊತ್ತು," ಅಂದ ತಂತಿ. ನಿಜಕ್ಕೂ ಅವನಿಗೆ ಗೊತ್ತಿತ್ತು. ಅವನ ಬೆರಳಿಂದ ಹುಟ್ಟಿದ್ದರಲ್ಲಿ ಒಳ್ಳೆಯದು ಅದೊಂದೇ. ಅದು ಈಗ ಅವನಿಗೆ ಬಾರದು, ಅವನದು ಅಂತ ಯಾರೂ ಅನ್ನುವುದೂ ಇಲ್ಲ.

ಹೆಂಡತಿ ಬಂದಳು. "ಅಣ್ಣ ಕರೀತಿದಾನೆ. ಫೋಟೋಗೆ ಎಲ್ಲರೂ ನಿಂತಿದಾರೆ."

"ನೀನು ಕೇಳಿಸ್ಕೊಂಡ್ಯಲ್ಲ, ಸ್ಟೇಜ್ ಮೇಲೆ ಭಾವ ಏನಂದ್ರು ಅಂತ."

"ಕೇಳಿಸ್ಕೊಂಡೆ ರೀ." ಅವಳ ದನಿ ಕುಗ್ಗಿತ್ತು. "ಅವನಿಗೆ ಅದೇ ನಿಜ ಆಗಿಹೋಗಿದೆ. ಹೇಳಿ ಹೇಳಿ ಅವನೇ ನಂಬಿಬಿಟ್ಟಿದಾನೆ."

"ಆ ಫೋಟೋದಲ್ಲಿ ನಿಂತ್ರೆ ನಾನೂ ನಂಬಿದೆ ಅಂತ ಆಗತ್ತೆ. ನೀನು ಹೋಗು, ನಿನಗೆ ಅಣ್ಣ."

ಅವಳು ಸ್ವಲ್ಪ ಹೊತ್ತು ಅವನ ಅಂಗಿಯ ಕಾಲರನ್ನು ಸರಿಮಾಡುತ್ತ ನಿಂತಳು. ಆಮೇಲೆ ಬೆಳಕಿದ್ದ ಕಡೆಗೆ ಹೋದಳು. ಒಳಗಿನಿಂದ ಭಾವನ ಗಟ್ಟಿ ದನಿ ಕೇಳಿಸಿತು: "ಎಲ್ಲಿ ನಿನ್ನ ಗಂಡ?"

"ಅವರಿಗೆ ಹುಷಾರಿಲ್ಲ ಕಣೋ," ಅಂದಳು ಅವಳು.